ಬ್ರಿಟನ್ನಿನ ಫುಟ್‌ಬಾಲ್ ಹರಟೆ: ಟಿಕೆಟ್ ದರದಿಂದ ಪಾರ್ಲಿಮೆಂಟಿನವರೆಗೆ

ಶನಿವಾರ ರಾತ್ರಿ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಪ್ರೀಮಿಯರ್ ಲೀಗ್ ನೋಡುವವರಿಗೆ ಆಟಗಾರರ ಹೆಸರು, ಅವರ ಬೆಲೆ, ಕೋಚುಗಳ ಜಗಳ ಎಲ್ಲಾ ಗೊತ್ತಿರುತ್ತೆ. ಆದರೆ ಟಿವಿಯಲ್ಲಿ ಕಾಣುವ ಆ ಗ್ಯಾಲರಿಯ ಜನ ಪಂದ್ಯದ ಮೊದಲು, ಪಂದ್ಯ ಮುಗಿದ ಮೇಲೆ ಏನು ಮಾತಾಡ್ತಾರೆ ಅನ್ನೋದು ಅಷ್ಟಾಗಿ ಗೊತ್ತಿರಲ್ಲ. ಅವರ ಪತ್ರಿಕೆಗಳನ್ನು ಓದುತ್ತಾ, ಅವರು ಫೋನ್ ಮಾಡುವ ರೇಡಿಯೊ ಕಾರ್ಯಕ್ರಮಗಳನ್ನು ಕೇಳುತ್ತಾ ನಾನು ಗಮನಿಸಿದ್ದು ಇಷ್ಟು: ಅವರ ಮಾತಿನಲ್ಲಿ ಫುಟ್‌ಬಾಲ್ ಇರೋದು ಅರ್ಧ ಮಾತ್ರ. ಉಳಿದರ್ಧ ಗ್ಯಾಸ್ ಬಿಲ್, ಮನೆ ಸಾಲದ ಕಂತು, ರೈಲು ಟಿಕೆಟ್, ತಮ್ಮನ ಜೂಜಿನ ಚಟ, ಮುಚ್ಚಿಹೋದ ಕಾರ್ಖಾನೆ, ಮುಂದಿನ ಚುನಾವಣೆ.

ಕೆಲಸವಿಲ್ಲದವರ ಹರಟೆ ಅಂತ ಇದನ್ನು ತಳ್ಳಿಹಾಕೋದು ಸುಲಭ. ಆದರೆ ಕಳೆದ ನಲವತ್ತು ವರ್ಷಗಳಲ್ಲಿ ಇದೇ ಹರಟೆ ಟಿಕೆಟ್ ದರಕ್ಕೆ ಮಿತಿ ಹಾಕಿಸಿದೆ, ಪೊಲೀಸರ ಸುಳ್ಳನ್ನು ಬಯಲಿಗೆಳೆದಿದೆ, ಹಸಿದ ಮಕ್ಕಳ ಮಾತನ್ನು ಸರ್ಕಾರದ ಮುಂದಿಟ್ಟಿದೆ. 2025ರಲ್ಲಿ ಒಂದು ಕಾನೂನನ್ನೇ ತಂದಿದೆ. ಅದು ಹೇಗಾಯಿತು ಅನ್ನೋದನ್ನು ವಿಷಯವಾರು ಪರಿಚಯಿಸುವ ಬರಹ ಇದು.

ಶನಿವಾರ ಮಧ್ಯಾಹ್ನ ಮೂರು ಗಂಟೆ

ಬ್ರಿಟನ್ನಿನಲ್ಲಿ ಪಂದ್ಯ ಶುರುವಾಗುವ ಸಾಂಪ್ರದಾಯಿಕ ಸಮಯ ಶನಿವಾರ ಮಧ್ಯಾಹ್ನ 3. ಈ ಸಮಯ ಬಂದಿದ್ದು ಕಾರ್ಮಿಕ ಕಾನೂನಿನಿಂದ. ಜವಳಿ ಗಿರಣಿಗಳಲ್ಲಿ ಹೆಂಗಸರು ಮತ್ತು ಹದಿಹರೆಯದವರ ಕೆಲಸ ಶನಿವಾರ ಮಧ್ಯಾಹ್ನ 2ಕ್ಕೆ ನಿಲ್ಲಬೇಕು ಅಂತ 1850ರ ಕಾರ್ಖಾನೆ ಕಾಯ್ದೆ ಹೇಳಿತು. ಆ ಅರ್ಧ ದಿನದ ರಜೆ ನಿಧಾನವಾಗಿ ಬೇರೆ ಕೆಲಸಗಳಿಗೂ ಹಬ್ಬಿತು. ಕೈಯಲ್ಲಿ ಆ ವಾರದ ಕೂಲಿ, ಮುಂದೆ ಅರ್ಧ ದಿನ ಬಿಡುವು. ಫುಟ್‌ಬಾಲ್ ಬೆಳೆದಿದ್ದು ಅಲ್ಲಿ.

ಕ್ಲಬ್ಬುಗಳ ಹುಟ್ಟೂ ಹಾಗೆಯೇ. ಇವತ್ತಿನ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ನೌಕರರು ಕಟ್ಟಿಕೊಂಡ ತಂಡ. ಆರ್ಸೆನಲ್ 1886ರಲ್ಲಿ ಲಂಡನ್ನಿನ ವೂಲಿಚ್‌ನ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಶುರು ಮಾಡಿದ್ದು. ವೆಸ್ಟ್ ಹ್ಯಾಮ್‌ನ ಬೇರು 1895ರ ಒಂದು ಹಡಗು ಕಟ್ಟೆಯಲ್ಲಿದೆ. ಹಾಗಾಗಿ ಅಲ್ಲಿ ‘ನಿನ್ನ ಟೀಮ್ ಯಾವುದು’ ಅಂತ ಕೇಳಿದರೆ ‘ನಿನ್ನ ಊರು ಯಾವುದು, ನಿಮ್ಮ ತಾತ ಎಲ್ಲಿ ಕೆಲಸ ಮಾಡ್ತಿದ್ರು’ ಅಂತ ಕೇಳಿದ ಹಾಗೇ.

ಈ ಮಾತುಕತೆಗೆ ಗೊತ್ತಾದ ಜಾಗಗಳಿವೆ. ಪಂದ್ಯಕ್ಕೆ ಮುಂಚೆ ಸ್ಟೇಡಿಯಂ ಪಕ್ಕದ ಪಬ್ಬು, ಪರ ಊರಿನ ಪಂದ್ಯಕ್ಕೆ ಹೋಗುವ ರೈಲು, ವಿರಾಮದಲ್ಲಿ ಪೈ ಕೊಳ್ಳುವ ಕ್ಯೂ. 1980ರ ದಶಕದಲ್ಲಿ ಇದು ಅಚ್ಚಿಗೂ ಬಂತು. ಅಭಿಮಾನಿಗಳು ತಾವೇ ಬರೆದು, ಅಗ್ಗದಲ್ಲಿ ಅಚ್ಚು ಹಾಕಿಸಿ ಸ್ಟೇಡಿಯಂ ಹೊರಗೆ ಮಾರುತ್ತಿದ್ದ ಕಿರುಪತ್ರಿಕೆಗಳಿಗೆ ‘ಫ್ಯಾನ್‌ಝೀನ್’ ಅನ್ನುತ್ತಾರೆ. 1986ರಲ್ಲಿ ಶುರುವಾದ ‘ವೆನ್ ಸ್ಯಾಟರ್‌ಡೇ ಕಮ್ಸ್’ ಇವುಗಳಲ್ಲಿ ಹೆಸರಾದದ್ದು. 1991ರಿಂದ ಬಿಬಿಸಿ ರೇಡಿಯೊದ ‘606’ ಕಾರ್ಯಕ್ರಮಕ್ಕೆ ಜನ ಫೋನ್ ಮಾಡಿ ತಮ್ಮ ಸಿಟ್ಟು ತೋಡಿಕೊಳ್ಳತೊಡಗಿದರು.

ಹಿಲ್ಸ್‌ಬರೊ: ಅಭಿಮಾನಿಗಳ ಮಾತು ಯಾರೂ ಕೇಳದಿದ್ದಾಗ

1985ರ ಮೇ ತಿಂಗಳಲ್ಲಿ ಎರಡು ದುರಂತಗಳಾದವು. ಬ್ರಾಡ್‌ಫರ್ಡ್‌ನ ಸ್ಟೇಡಿಯಂ ಬೆಂಕಿಯಲ್ಲಿ 56 ಜನ ಸತ್ತರು. ಬ್ರಸೆಲ್ಸ್‌ನ ಹೈಸೆಲ್‌ನಲ್ಲಿ, ಲಿವರ್‌ಪೂಲ್ ಅಭಿಮಾನಿಗಳು ಮೇಲೆ ಬಿದ್ದಾಗ ಗೋಡೆ ಕುಸಿದು 39 ಜನ, ಹೆಚ್ಚಿನವರು ಇಟಲಿಯವರು, ಸತ್ತರು. ಅಭಿಮಾನಿ ಅಂದರೆ ಪುಂಡ ಅನ್ನೋ ಭಾವನೆ ಬಲವಾಯಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಎಲ್ಲ ಪ್ರೇಕ್ಷಕರಿಗೂ ಗುರುತಿನ ಚೀಟಿ ಕಡ್ಡಾಯ ಮಾಡಲು ಹೊರಟಿತು. ಇದಕ್ಕೆ ಎದುರಾಗಿ ನಿಂತಿದ್ದು 1985ರಲ್ಲೇ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಫುಟ್‌ಬಾಲ್ ಸಪೋರ್ಟರ್ಸ್ ಅಸೋಸಿಯೇಷನ್. ನಮ್ಮನ್ನು ಕೇಳದೆ ನಮ್ಮ ಬಗ್ಗೆ ತೀರ್ಮಾನ ಮಾಡಬೇಡಿ ಅನ್ನೋದು ಅದರ ವಾದವಾಗಿತ್ತು.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಇತ್ತು. ಹೊರಗೆ ನೂಕುನುಗ್ಗಲಾದಾಗ ಪೊಲೀಸರೇ ಒಂದು ಗೇಟು ತೆರೆಸಿದರು. ಒಳಬಂದವರು ಆಗಲೇ ತುಂಬಿದ್ದ, ಕಂಬಿಬೇಲಿ ಹಾಕಿದ ಅಂಕಣಗಳಿಗೆ ಸೇರಿಕೊಂಡರು. ಇವತ್ತಿನ ಲೆಕ್ಕದಲ್ಲಿ ಅಲ್ಲಿ ಪ್ರಾಣ ಕಳೆದುಕೊಂಡವರು 97 ಜನ. ಕೊನೆಯವರು ಆ ದಿನದ ಗಾಯಗಳಿಂದಲೇ 2021ರಲ್ಲಿ ತೀರಿಕೊಂಡರು.

ಪೊಲೀಸರು ಅಭಿಮಾನಿಗಳೇ ಗೇಟು ನುಗ್ಗಿದರು ಅಂದರು. ‘ದಿ ಸನ್’ ಪತ್ರಿಕೆ, ಕುಡಿದ ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರು ಅಂತ ಮುಖಪುಟದಲ್ಲಿ ಬರೆಯಿತು. ಲಿವರ್‌ಪೂಲ್‌ನ ಜನಕ್ಕೆ ಅದು ಸುಳ್ಳು ಅಂತ ಮೊದಲ ದಿನದಿಂದಲೂ ಗೊತ್ತಿತ್ತು, ಯಾಕಂದ್ರೆ ಅವರು ಅಲ್ಲಿದ್ದರು. ಪಬ್ಬಿನಲ್ಲಿ, ಬಸ್ಸಿನಲ್ಲಿ, ಪ್ರತಿ ಪಂದ್ಯದಲ್ಲಿ ಅದನ್ನೇ ಹೇಳುತ್ತಾ ಬಂದರು. ಆ ಪತ್ರಿಕೆಯನ್ನು ಆ ಊರಿನ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಮಾರಲ್ಲ. 2012ರಲ್ಲಿ ಸ್ವತಂತ್ರ ಸಮಿತಿಯೊಂದು ದಾಖಲೆ ಬಿಚ್ಚಿದಾಗ ಪೊಲೀಸರ 160ಕ್ಕೂ ಹೆಚ್ಚು ಹೇಳಿಕೆಗಳನ್ನು ತಿದ್ದಿದ್ದು ಹೊರಬಂತು. 2016ರಲ್ಲಿ ಜ್ಯೂರಿ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಅಭಿಮಾನಿಗಳದ್ದು ತಪ್ಪಿಲ್ಲ ಅಂತ ಹೇಳಿತು. ಅಷ್ಟು ಹೇಳಿಸಿಕೊಳ್ಳಲು 27 ವರ್ಷ ಬೇಕಾಯಿತು. ಅಧಿಕಾರಿಗಳು ತನಿಖೆಯಲ್ಲಿ ಸತ್ಯ ಹೇಳಲೇಬೇಕು ಅನ್ನುವ ‘ಹಿಲ್ಸ್‌ಬರೊ ಕಾನೂನಿನ’ ಮಸೂದೆ 2025ರ ಸೆಪ್ಟೆಂಬರ್‌ನಲ್ಲಿ ಪಾರ್ಲಿಮೆಂಟಿಗೆ ಬಂತು.

ಟಿಕೆಟ್: ಮನೆಖರ್ಚಿನ ಲೆಕ್ಕ

ಹಿಲ್ಸ್‌ಬರೊ ಆದ ಮೇಲೆ ನ್ಯಾಯಮೂರ್ತಿ ಟೇಲರ್ ಕೊಟ್ಟ 1990ರ ವರದಿ, ದೊಡ್ಡ ಸ್ಟೇಡಿಯಂಗಳಲ್ಲಿ ನಿಂತು ನೋಡುವ ಜಾಗ ತೆಗೆದು ಎಲ್ಲರಿಗೂ ಕುರ್ಚಿ ಹಾಕಿ ಅಂತು. ಗುರುತಿನ ಚೀಟಿಯ ಯೋಜನೆಯೂ ಅಲ್ಲಿಗೆ ಬಿದ್ದುಹೋಯಿತು. ಕುರ್ಚಿ ಹಾಕಿದ ಮಾತ್ರಕ್ಕೆ ದರ ಏರಬೇಕಿಲ್ಲ ಅಂತಲೂ ಟೇಲರ್ ಬರೆದಿದ್ದರು. ಅವರು ಕೊಟ್ಟ ಉದಾಹರಣೆ ಗ್ಲಾಸ್ಗೋದ ಐಬ್ರಾಕ್ಸ್: ಅಲ್ಲಿ ನಿಲ್ಲೋಕೆ 4 ಪೌಂಡ್, ಕೂರೋಕೆ 6 ಪೌಂಡ್. ಕ್ಲಬ್ಬುಗಳು ಕುರ್ಚಿ ಹಾಕಿದವು, ಈ ಸಾಲನ್ನು ಮಾತ್ರ ಮರೆತವು.

ಇವತ್ತು ಅಭಿಮಾನಿಗಳ ಹಣಕಾಸಿನ ಮಾತು ಶುರುವಾಗೋದೇ ಸೀಸನ್ ಟಿಕೆಟ್‌ನಿಂದ. ಇಡೀ ವರ್ಷದ ಮನೆಪಂದ್ಯಗಳಿಗೆ ಒಟ್ಟಿಗೆ ಕಟ್ಟುವ ಹಣ ಅದು. ನಮ್ಮಲ್ಲಿ ಜೂನ್ ಬಂತು ಅಂದರೆ ಸ್ಕೂಲ್ ಫೀಸಿನ ಚಿಂತೆ ಹೇಗೋ ಹಾಗೆ. ಒಮ್ಮೆಲೇ ಕಟ್ಟೋಕಾಗದವರು ಕಂತಿನ ಸಾಲ ಮಾಡ್ತಾರೆ. ಅಂಗಿಯೊಂದಕ್ಕೆ 80 ಪೌಂಡ್ ಆಸುಪಾಸು, ಅದೂ ವರ್ಷಕ್ಕೆ ಮೂರು ಹೊಸ ವಿನ್ಯಾಸ. ‘ಈ ಸಲ ಮಗನಿಗೆ ಮಾತ್ರ ತಗೊಂಡೆ, ನಂಗೆ ಹಳೇದೇ ಸಾಕು’ ಅನ್ನೋ ಥರದ ಮಾತಿನಲ್ಲಿ ಆ ಮನೆಯ ಇಡೀ ಬಜೆಟ್ ಕಾಣಿಸುತ್ತೆ.

ಈ ಗೊಣಗಾಟ ಒಂದು ದಿನ ಎದ್ದು ನಡೆಯಿತು. ಲಿವರ್‌ಪೂಲ್ ಕ್ಲಬ್ ತನ್ನ ದುಬಾರಿ ಟಿಕೆಟ್ಟನ್ನು 77 ಪೌಂಡ್‌ಗೆ ಏರಿಸುತ್ತೇನೆ ಅಂದಾಗ, 2016ರ ಫೆಬ್ರವರಿ 6ರಂದು ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸುಮಾರು 10 ಸಾವಿರ ಜನ ಎದ್ದು ಹೊರಟರು. ಆಗ ತಂಡ 2-0 ಮುಂದಿತ್ತು, ಪಂದ್ಯ 2-2ರಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು. ಅದೇ ವರ್ಷ, ಪರ ಊರಿನಿಂದ ಬರುವ ಅಭಿಮಾನಿಗೆ 30 ಪೌಂಡ್‌ಗಿಂತ ಹೆಚ್ಚು ದರ ಹಾಕೋದಿಲ್ಲ ಅಂತ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಒಪ್ಪಿದವು. ಇದರ ಹಿಂದೆ ವರ್ಷಗಳ ಪ್ರಚಾರ ಇತ್ತು.

ಜಗಳ ಮುಗಿದಿಲ್ಲ. 2024-25ರ ಋತುವಿಗೆ 20ರಲ್ಲಿ 19 ಕ್ಲಬ್ಬುಗಳು ದರ ಏರಿಸಿದವು. ಮ್ಯಾಂಚೆಸ್ಟರ್ ಯುನೈಟೆಡ್ ಋತುವಿನ ನಡುವೆಯೇ, ಉಳಿದ ಟಿಕೆಟ್‌ಗಳಿಗೆ 66 ಪೌಂಡ್ ಅಂತು. ಮಕ್ಕಳಿಗೂ ಪಿಂಚಣಿದಾರರಿಗೂ ರಿಯಾಯಿತಿ ಇಲ್ಲ. ‘ಅಜ್ಜ, ಮೊಮ್ಮಗ ಒಟ್ಟಿಗೆ ಮ್ಯಾಚ್ ನೋಡೋದು ಇನ್ನು ಮುಗೀತು’ ಅನ್ನೋದು ಅಲ್ಲಿನ ದೊಡ್ಡ ಆತಂಕ.

ಟಿವಿ: ನಮಗೆ ಕಾಣೋದು ಅವರಿಗೆ ಕಾಣಲ್ಲ

1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಸ್ಕೈ ಮತ್ತು ಬಿಬಿಸಿ ಜೊತೆಗಿನ ಐದು ವರ್ಷದ ಒಪ್ಪಂದ 30.4 ಕೋಟಿ ಪೌಂಡ್‌ನದ್ದು. 2025ರಿಂದ ನಾಲ್ಕು ವರ್ಷಕ್ಕೆ ಬ್ರಿಟನ್ ಒಂದರ ಪ್ರಸಾರದ ಹಕ್ಕೇ 670 ಕೋಟಿ ಪೌಂಡ್. ಆ ಹಣ ಹೊರಡೋದು ಮನೆಮನೆಯ ಮಾಸಿಕ ಚಂದಾದಿಂದ.

ಇಷ್ಟಾದರೂ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಬ್ರಿಟನ್ನಿನ ಟಿವಿಯಲ್ಲಿ ಯಾವ ಫುಟ್‌ಬಾಲ್ ಪಂದ್ಯವನ್ನೂ ನೇರ ತೋರಿಸುವಂತಿಲ್ಲ. ಜನ ಮನೆಯಲ್ಲಿ ಕೂತರೆ ಚಿಕ್ಕ ಕ್ಲಬ್ಬುಗಳ ಸ್ಟೇಡಿಯಂ ಖಾಲಿಯಾಗುತ್ತೆ ಅನ್ನೋ ಕಾರಣಕ್ಕೆ 1960ರ ದಶಕದಲ್ಲಿ ಬಂದ ನಿಯಮ ಇದು. ಹಾಗಾಗಿ ಅಲ್ಲಿನ ಮೂರು ಗಂಟೆಯ ಪಂದ್ಯವನ್ನು ನಾವು ಇಲ್ಲಿ ಬೇಸಿಗೆಯ ಗಡಿಯಾರದಲ್ಲಿ ರಾತ್ರಿ 7:30ಕ್ಕೆ, ಚಳಿಗಾಲದಲ್ಲಿ 8:30ಕ್ಕೆ ಆರಾಮಾಗಿ ನೋಡಬಹುದು. ಸ್ಟೇಡಿಯಂನಿಂದ ಎರಡು ಬೀದಿ ಆಚೆ ಇರುವ, ಟಿಕೆಟ್ ಸಿಗದ ಮುದುಕನಿಗೆ ಅದು ಸಿಗಲ್ಲ. ಅದಕ್ಕೇ ಕಳ್ಳ ಸ್ಟ್ರೀಮಿನ ‘ಫೈರ್ ಸ್ಟಿಕ್’ ಬಗ್ಗೆ ಅಲ್ಲಿ ಎಲ್ಲರೂ ನಗುತ್ತಾ ಮಾತಾಡ್ತಾರೆ. ಮಾರುವವರಿಗೆ ಅದು ನಗುವ ವಿಷಯವಲ್ಲ. 2023ರ ಮೇನಲ್ಲಿ ಇಂಥ ಒಂದು ಜಾಲದ ಐವರಿಗೆ ಒಟ್ಟು 30 ವರ್ಷಕ್ಕೂ ಮೀರಿದ ಜೈಲಾಯಿತು.

ಇನ್ನೊಂದು ದೂರು ಸಮಯದ್ದು. ಟಿವಿಗಾಗಿ ಪಂದ್ಯವನ್ನು ಸೋಮವಾರ ರಾತ್ರಿಗೋ ಭಾನುವಾರ ಸಂಜೆಗೋ ತಳ್ಳಿದರೆ ಪರ ಊರಿನ ಅಭಿಮಾನಿಗೆ ವಾಪಸ್ ಹೋಗೋ ರೈಲು ಇರಲ್ಲ. ಮೊದಲೇ ತೆಗೆದ ಅಗ್ಗದ ರೈಲು ಟಿಕೆಟ್ ದಂಡ, ಮರುದಿನದ ಕೆಲಸಕ್ಕೂ ರಜೆ.

ಜೂಜು: ನಾಚಿಕೆಯಿಂದ ಹೊರಬಂದ ಮಾತು

ಫುಟ್‌ಬಾಲ್ ಜೊತೆ ಪಣ ಕಟ್ಟೋದು ಅಲ್ಲಿ ಹಳೇ ಚಾಳಿ. 1923ರಲ್ಲಿ ಲಿವರ್‌ಪೂಲ್‌ನಲ್ಲಿ ಶುರುವಾದ ಲಿಟಲ್‌ವುಡ್ಸ್ ‘ಪೂಲ್ಸ್’ನಲ್ಲಿ ಮನೆಮಂದಿಯೆಲ್ಲಾ ವಾರಕ್ಕೊಮ್ಮೆ ಚೀಟಿ ತುಂಬಿ ಸಣ್ಣ ಮೊತ್ತ ಕಟ್ಟುತ್ತಿದ್ದರು. 2005ರ ಜೂಜು ಕಾಯ್ದೆ ಟಿವಿ ಜಾಹೀರಾತಿಗೆ ಬಾಗಿಲು ತೆರೆಯಿತು. ಆಮೇಲೆ ಮೊಬೈಲ್ ಬಂತು. ವಾರಕ್ಕೊಂದು ಚೀಟಿಯಾಗಿದ್ದದ್ದು ಪ್ರತಿ ನಿಮಿಷದ ಪಣವಾಯಿತು. ಮುಂದಿನ ಕಾರ್ನರ್ ಯಾರಿಗೆ, ಮುಂದಿನ ಹಳದಿ ಕಾರ್ಡು ಯಾರಿಗೆ ಅನ್ನೋದಕ್ಕೂ ದುಡ್ಡು.

ಗಂಡಸರ ಗುಂಪಿನಲ್ಲಿ ‘ನನಗೆ ಸಾಲ ಆಗಿದೆ’ ಅಂತ ಹೇಳಿಕೊಳ್ಳೋದು ಎಲ್ಲಾ ಕಡೆಯೂ ಕಷ್ಟ. ಚಟದಿಂದ ಹೊರಬಂದವರು, ಮಕ್ಕಳನ್ನು ಕಳೆದುಕೊಂಡ ಮನೆಯವರು ‘ದಿ ಬಿಗ್ ಸ್ಟೆಪ್’ ಅನ್ನೋ ಹೆಸರಿನಲ್ಲಿ ಒಂದು ಸ್ಟೇಡಿಯಂನಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಿ ಈ ಮಾತನ್ನು ಬಯಲಿಗೆ ತಂದರು. 2025-26ರ ಋತು ಮುಗಿದ ಮೇಲೆ ಅಂಗಿಯ ಎದೆಯ ಮೇಲೆ ಜೂಜು ಕಂಪನಿಗಳ ಹೆಸರು ಬೇಡ ಅಂತ ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2023ರ ಏಪ್ರಿಲ್‌ನಲ್ಲಿ ಒಪ್ಪಿದವು. ತೋಳಿನ ಮೇಲೆ, ಮೈದಾನದ ಸುತ್ತ ಹಾಕಬಹುದು. ಹಾಗಾಗಿ ಅಭಿಮಾನಿಗಳು ಇದನ್ನು ಅರ್ಧ ಗೆಲುವು ಅಂತಾರೆ.

ಹಸಿವಿಗೆ ಬಣ್ಣ ಇಲ್ಲ

ಲಿವರ್‌ಪೂಲ್ ಮತ್ತು ಎವರ್ಟನ್ ಒಂದೇ ಊರಿನ ಎದುರಾಳಿಗಳು. 2015ರಲ್ಲಿ ಎರಡೂ ಕಡೆಯ ಅಭಿಮಾನಿಗಳು ಸೇರಿ ಪಂದ್ಯದ ದಿನ ಸ್ಟೇಡಿಯಂ ಹೊರಗೆ ಡಬ್ಬಿ ಆಹಾರ, ಪಾಸ್ತಾ, ಡಯಾಪರ್ ಸಂಗ್ರಹಿಸಿ ಬಡವರಿಗೆ ಹಂಚುವ ಕೇಂದ್ರಗಳಿಗೆ ಕೊಡತೊಡಗಿದರು. ಹಸಿವಿಗೆ ಕ್ಲಬ್ಬಿನ ಬಣ್ಣ ಇಲ್ಲ ಅನ್ನೋದು ಅವರ ಘೋಷಣೆ. ಈ ಕೆಲಸ ಶುರು ಮಾಡಿದವರಲ್ಲಿ ಒಬ್ಬರಾದ ಇಯಾನ್ ಬರ್ನ್ 2019ರಲ್ಲಿ ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದರು.

2020ರಲ್ಲಿ ಕೋವಿಡ್ ಹೊತ್ತಿಗೆ, ಬೇಸಿಗೆ ರಜೆಯಲ್ಲಿ ಬಡ ಮಕ್ಕಳಿಗೆ ಊಟದ ಕೂಪನ್ ಕೊಡಲ್ಲ ಅಂತ ಸರ್ಕಾರ ಹೇಳಿತ್ತು. ತಾನೂ ಅಂಥ ಮನೆಯಲ್ಲೇ ಬೆಳೆದ ಆಟಗಾರ ಮಾರ್ಕಸ್ ರ್‍ಯಾಶ್‌ಫರ್ಡ್ ಸಂಸದರಿಗೆಲ್ಲಾ ಬಹಿರಂಗ ಪತ್ರ ಬರೆದರು. ಮರುದಿನವೇ, ಜೂನ್ 16ರಂದು, ಸರ್ಕಾರ ಮಣಿಯಿತು. ಸುಮಾರು 13 ಲಕ್ಷ ಮಕ್ಕಳಿಗೆ 12 ಕೋಟಿ ಪೌಂಡ್‌ನ ಯೋಜನೆ ಬಂತು. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ. 11.1ಕ್ಕೆ ಏರಿದಾಗಲೂ ಪಬ್ಬಿನ ಮಾತು ಇದೇ ಆಗಿತ್ತು: ಹೀಟರ್ ಹಾಕೋದಾ, ಮ್ಯಾಚಿಗೆ ಹೋಗೋದಾ?

ಬಣ್ಣ, ಹೆಣ್ಣು, ಬಾವುಟ

ಈ ಹರಟೆಯನ್ನು ಪೂರಾ ಒಳ್ಳೆಯದು ಅಂತ ತೋರಿಸಿದರೆ ಮೋಸವಾಗುತ್ತೆ. ಕಪ್ಪು ಆಟಗಾರರ ಕಡೆ ಬಾಳೆಹಣ್ಣು ಎಸೆದದ್ದೂ ಇದೇ ಗ್ಯಾಲರಿಯಿಂದ. ಇಂಗ್ಲೆಂಡ್ ಹಿರಿಯರ ತಂಡಕ್ಕೆ ಪೂರ್ಣ ಪಂದ್ಯ ಆಡಿದ ಮೊದಲ ಕಪ್ಪು ಆಟಗಾರ ವಿವ್ ಆಂಡರ್ಸನ್, ಅದು 1978ರಲ್ಲಿ. 2021ರ ಜುಲೈ 11ರಂದು ಯೂರೊ ಫೈನಲ್‌ನಲ್ಲಿ ರ್‍ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಪೆನಾಲ್ಟಿ ತಪ್ಪಿಸಿಕೊಂಡಾಗ ಅದೇ ಹಳೇ ವಿಷ ಫೋನಿನೊಳಗಿಂದ ಬಂತು. ಮ್ಯಾಂಚೆಸ್ಟರ್‌ನ ವಿದಿಂಗ್ಟನ್‌ನಲ್ಲಿ ರ್‍ಯಾಶ್‌ಫರ್ಡ್ ಚಿತ್ರವಿದ್ದ ಗೋಡೆಯ ಮೇಲೆ ಯಾರೋ ಗೀಚಿದರು. ಊರಿನ ಜನ ಬಂದು ಅದರ ಮೇಲೆ ಪ್ರೀತಿಯ ಚೀಟಿಗಳನ್ನು ಅಂಟಿಸಿ ಇಡೀ ಗೋಡೆ ಮುಚ್ಚಿದರು. ಎರಡೂ ಕಡೆಯವರು ತಮ್ಮನ್ನು ಅಭಿಮಾನಿ ಅಂತಲೇ ಕರೆದುಕೊಳ್ಳೋದು. ಯಾರ ಮಾತು ನಿಲ್ಲಬೇಕು ಅನ್ನೋದರ ಜಗಳ ಗ್ಯಾಲರಿಯ ಒಳಗೇ ನಡೆಯುತ್ತಿದೆ.

ಹೆಣ್ಣುಮಕ್ಕಳ ಕಥೆ ಇನ್ನೂ ಹಳೆಯದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗೂಡಿಸನ್ ಪಾರ್ಕ್‌ನಲ್ಲಿ ಹೆಂಗಸರ ಪಂದ್ಯಕ್ಕೆ ಸುಮಾರು 53 ಸಾವಿರ ಜನ ಬಂದಿದ್ದರು. ಮರುವರ್ಷವೇ ಫುಟ್‌ಬಾಲ್ ಅಸೋಸಿಯೇಷನ್, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂತ ತನ್ನ ಮೈದಾನಗಳ ಬಾಗಿಲು ಹಾಕಿತು. ಸುಮಾರು 50 ವರ್ಷ ಆ ನಿಷೇಧ ಇತ್ತು. 2022ರಲ್ಲಿ ವೆಂಬ್ಲಿಯಲ್ಲಿ 87,192 ಜನರ ಮುಂದೆ ಇಂಗ್ಲೆಂಡ್ ಹುಡುಗಿಯರು ಯೂರೊ ಗೆದ್ದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲೊಂದು, ಶಾಲೆಗಳಲ್ಲಿ ಹುಡುಗಿಯರಿಗೂ ಫುಟ್‌ಬಾಲ್ ಆಡಿಸಿ ಅಂತ ಪ್ರಧಾನಿ ಪಟ್ಟಕ್ಕೆ ಸ್ಪರ್ಧಿಸಿದ್ದವರಿಗೆ ಪತ್ರ ಬರೆದದ್ದು.

ಹೊರದೇಶದ ರಾಜಕೀಯವೂ ಗ್ಯಾಲರಿಗೆ ಬರುತ್ತೆ. 2016ರಲ್ಲಿ ಇಸ್ರೇಲ್‌ನ ಕ್ಲಬ್ ವಿರುದ್ಧದ ಪಂದ್ಯದಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಅಭಿಮಾನಿಗಳು ಪ್ಯಾಲೆಸ್ತೀನ್ ಬಾವುಟ ಹಿಡಿದರು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಕ್ಲಬ್ಬಿಗೆ ದಂಡ ಹಾಕಿತು. ಅಭಿಮಾನಿಗಳು ದಂಡದ ಹಲವು ಪಟ್ಟು, 1 ಲಕ್ಷ ಪೌಂಡ್‌ಗೂ ಹೆಚ್ಚು, ಚಂದಾ ಎತ್ತಿ ಪ್ಯಾಲೆಸ್ತೀನಿನ ಜನರಿಗಾಗಿ ಕೊಟ್ಟರು.

ಕ್ಲಬ್ ಯಾರದ್ದು? ಮಾತು ಕಾನೂನಾದ ಬಗೆ

ಇಷ್ಟೆಲ್ಲಾ ಮಾತಿನ ಅಡಿಯಲ್ಲಿರೋ ಪ್ರಶ್ನೆ ಒಂದೇ: ಕ್ಲಬ್ ಯಾರದ್ದು? ಕಾಗದದಲ್ಲಿ ಮಾಲೀಕನದ್ದು. 2002ರಲ್ಲಿ ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು ಅನುಮತಿ ಸಿಕ್ಕಾಗ ಅಭಿಮಾನಿಗಳು ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಬಹುಪಾಲು ಸಾಲದ ಹಣದಲ್ಲಿ ಕೊಂಡು, ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದಾಗ ಒಂದು ಗುಂಪು ಹೊರಬಂದು ಎಫ್‌ಸಿ ಯುನೈಟೆಡ್ ಶುರು ಮಾಡಿತು. 2012ರಲ್ಲಿ ಕಾರ್ಡಿಫ್ ಸಿಟಿಯ ಮಾಲೀಕ ತಂಡದ ನೀಲಿ ಅಂಗಿಯನ್ನು ಕೆಂಪು ಮಾಡಿದ. ಅಭಿಮಾನಿಗಳ ಸಿಟ್ಟಿಗೆ 2015ರಲ್ಲಿ ಮತ್ತೆ ನೀಲಿಗೆ ಬರಬೇಕಾಯಿತು.

ಬರಿ ಅನ್ನೋ ಊರಿನ ಕ್ಲಬ್ ಹುಟ್ಟಿದ್ದು 1885ರಲ್ಲಿ. 2018ರ ಕೊನೆಗೆ ಅದು ಒಂದು ಪೌಂಡಿಗೆ ಕೈಬದಲಾಯಿತು. 2019ರ ಆಗಸ್ಟ್ 27ರಂದು, ಹಣಕಾಸಿನ ಲೆಕ್ಕ ತೋರಿಸಲಾಗದೆ ಲೀಗ್‌ನಿಂದ ಹೊರಬಿತ್ತು. ಕ್ಲಬ್ ನಿಂತರೆ ಪಬ್ಬು, ಪೈ ಅಂಗಡಿ, ಶನಿವಾರದ ಕೂಲಿ ಕೆಲಸ ಎಲ್ಲಾ ನಿಲ್ಲುತ್ತೆ.

2021ರ ಏಪ್ರಿಲ್ 18ರಂದು ಇಂಗ್ಲೆಂಡಿನ ಆರು ಶ್ರೀಮಂತ ಕ್ಲಬ್ಬುಗಳು ಸೇರಿ ಯುರೋಪಿನ 12 ಕ್ಲಬ್ಬುಗಳು ‘ಸೂಪರ್ ಲೀಗ್’ ಘೋಷಿಸಿದವು. ಸ್ಥಾಪಕ ಕ್ಲಬ್ಬುಗಳು ಎಷ್ಟು ಸೋತರೂ ಹೊರಬೀಳೋದಿಲ್ಲ ಅನ್ನೋದು ಅದರ ಗುಟ್ಟು. ಕೋವಿಡ್‌ನಿಂದ ಸ್ಟೇಡಿಯಂ ಖಾಲಿ ಇದ್ದ ಕಾಲ ಅದು. ಆದರೂ ಚೆಲ್ಸಿ ಅಭಿಮಾನಿಗಳು ಮೈದಾನದ ಹೊರಗೆ ರಸ್ತೆ ತುಂಬಿದರು. ಎರಡೇ ದಿನದಲ್ಲಿ ಆರೂ ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು. ಆಗಿನ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ಅಭಿಮಾನಿಗಳ ಅಹವಾಲು ಕೇಳಿ ತಯಾರಾದ ವರದಿ ಅದೇ ನವೆಂಬರ್‌ನಲ್ಲಿ ಬಂತು. ಶುರು ಮಾಡಿದ್ದು ಕನ್ಸರ್ವೇಟಿವ್ ಸರ್ಕಾರ, ಮುಗಿಸಿದ್ದು ಲೇಬರ್. 2025ರ ಜುಲೈ 21ರಂದು ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಗೆ ಅಂಗೀಕಾರ ಪಡೆಯಿತು.

ಈ ಕಾಯ್ದೆಯಡಿ ಪುರುಷರ ಮೊದಲ ಐದು ಹಂತಗಳ 116 ಕ್ಲಬ್ಬುಗಳಿಗೆ ಸ್ವತಂತ್ರ ನಿಯಂತ್ರಕನ ಪರವಾನಗಿ ಬೇಕು. ಮಾಲೀಕನ ಹಣ ಎಲ್ಲಿಂದ ಬಂತು ಅಂತ ಕೇಳಬಹುದು. ಮೈದಾನ ಮಾರಲು ಅನುಮತಿ ಬೇಕು. ಲಾಂಛನ, ಅಂಗಿಯ ಬಣ್ಣ ಬದಲಿಸಲು ಅಭಿಮಾನಿಗಳ ಒಪ್ಪಿಗೆ ಬೇಕು. ಟಿಕೆಟ್ ದರ ನಿಗದಿ ಮಾಡುವ ಅಧಿಕಾರ ಮಾತ್ರ ನಿಯಂತ್ರಕನಿಗಿಲ್ಲ, ಕ್ಲಬ್ಬುಗಳು ಅಭಿಮಾನಿಗಳ ಜೊತೆ ಚರ್ಚಿಸಬೇಕು ಅಷ್ಟೇ. ಜೇಬಿಗೆ ಹತ್ತಿರದ ಪ್ರಶ್ನೆಯಲ್ಲೇ ಕಾನೂನು ಮೆತ್ತಗಾಗಿದೆ.

ನಮ್ಮ ಗ್ಯಾಲರಿಯಲ್ಲಿ

ಇದನ್ನೆಲ್ಲಾ ಕನ್ನಡದಲ್ಲಿ ಬರೆಯೋಕೆ ನನಗೆ ಕಾರಣ ಇದೆ. 2025ರ ಜೂನ್ 4ರಂದು ಆರ್‌ಸಿಬಿ ಸಂಭ್ರಮದ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತಾಗ, ನನ್ನ ಕಿವಿಗೆ ಹೆಚ್ಚು ಬಿದ್ದ ಮಾತು ‘ಜನಕ್ಕೆ ಬುದ್ಧಿ ಬೇಡ್ವಾ’ ಅನ್ನೋದು. ಹಿಲ್ಸ್‌ಬರೊ ಆದಾಗ ಲಿವರ್‌ಪೂಲ್‌ನವರು ಕೇಳಿದ್ದೂ ಇದನ್ನೇ. ಅದೇ ವರ್ಷ ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯವೇ ತೂಗಾಡಿತು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಕಂಠೀರವದಲ್ಲಿ ವರ್ಷಗಳಿಂದ ನಿಂತು ಹಾಡಿದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳನ್ನು ಕೇಳಲೇಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ.

ಅಭಿಮಾನಿಗಳು ಸೇರಿದರೆ ಏನಾಗುತ್ತೆ ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ. ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಅವರ ಅಭಿಮಾನಿಗಳು ಬೀದಿಗೆ ಬಂದು ಭಾಷಾನೀತಿಯ ಚರ್ಚೆಯನ್ನು ಮನೆಮನೆಯ ಮಾತಾಗಿಸಿದ್ದರು. ಮುಂದಿನ ಸಲ ಸ್ಟೇಡಿಯಂಗೆ ಹೋದಾಗ ಸ್ಕೋರ್ ಜೊತೆ ಇನ್ನೂ ಕೆಲವು ವಿಷಯ ಪಕ್ಕದವರ ಹತ್ತಿರ ಮಾತಾಡಿ: ಈ ಟಿಕೆಟ್ಟಿಗೆ ಇಷ್ಟು ದರ ಇಟ್ಟಿದ್ದು ಯಾರು? ಒಳಗೆ ಕುಡಿಯೋ ನೀರು ಸಿಗುತ್ತಾ? ತುರ್ತಿಗೆ ಯಾವ ಗೇಟು ತೆರೀತಾರೆ? ಈ ತಂಡದ ಮಾಲೀಕ ಯಾರು, ನಾಳೆ ಮಾರಿಬಿಟ್ಟರೆ ನಮ್ಮನ್ನು ಯಾರಾದರೂ ಕೇಳ್ತಾರಾ? ಬ್ರಿಟನ್ನಿನವರು ಇಂಥ ಪ್ರಶ್ನೆಗಳನ್ನು ಪಬ್ಬಿನಲ್ಲಿ ಕೇಳುತ್ತಾ ಕೇಳುತ್ತಾ ಪಾರ್ಲಿಮೆಂಟಿನವರೆಗೆ ಒಯ್ದರು. ನಾವು ಚಹಾ ಅಂಗಡಿಯಿಂದ ಶುರು ಮಾಡಬಹುದು.